ತಲಪಾಡಿಯ ಆಚೆ-ಈಚೆ: ಒಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಎಷ್ಟು ಟೀಚರ್?

ಏಪ್ರಿಲ್ ಬಂತೆಂದರೆ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಮಗುವನ್ನು ಊರಿನ ಶಾಲೆಗೇ ಹಾಕುವುದಾ, ಕರ್ನಾಟಕದ ಗಡಿಯಾದ ತಲಪಾಡಿ ದಾಟಿಸಿ ಮಂಗಳೂರು ಪಕ್ಕದ ತೊಕ್ಕೊಟ್ಟು ಕಡೆ ಕಳಿಸುವುದಾ? ಆಚೆ ಕಡೆಯವರಿಗೂ ಇದೇ ತಲೆಬಿಸಿ ಇದೆ. ಕೋಟೆಕಾರು, ದೇರಳಕಟ್ಟೆಯಲ್ಲಿ ಬಾಡಿಗೆ ಜಾಸ್ತಿ. ಗಡಿಯ ಈಚೆ ಕುಂಜತ್ತೂರಿನಲ್ಲಿ ಮನೆ ಮಾಡಿದರೆ ಮಕ್ಕಳ ಶಾಲೆಯ ಕಥೆ ಏನು?

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸಿನಲ್ಲಿ ಕೂತು ನೋಡಿದರೆ ತೊಕ್ಕೊಟ್ಟಿನಿಂದ ಹೊಸಂಗಡಿವರೆಗೆ ಎಲ್ಲವೂ ಮಂಗಳೂರಿನ ಹೊರವಲಯದ ಹಾಗೇ ಕಾಣುತ್ತದೆ. ಅದೇ ಅಂಗಡಿ, ಅದೇ ತುಳು, ಅದೇ ಆಸ್ಪತ್ರೆ. ಶಾಲೆಯ ವಿಷಯ ಬಂದಾಗ ಮಾತ್ರ ಗಡಿ ನಿಜವಾಗಿ ಎದ್ದು ನಿಲ್ಲುತ್ತದೆ. ಪುಸ್ತಕ ಬೇರೆ, ಪರೀಕ್ಷೆ ಬೇರೆ. ಇತ್ತ ಕೇರಳದಲ್ಲಿ ಶಿಕ್ಷಣಾಧಿಕಾರಿಯ ಕಚೇರಿ ಎಂದರೆ ಎ.ಇ.ಒ. ಕಚೇರಿ, ಅತ್ತ ಕರ್ನಾಟಕದಲ್ಲಿ ಬಿ.ಇ.ಒ. ಕಚೇರಿ. ಪೋಷಕರ ಸಮಿತಿ ಎಂದರೆ ಇತ್ತ ಪಿ.ಟಿ.ಎ., ಅತ್ತ ಎಸ್.ಡಿ.ಎಂ.ಸಿ. ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ಹೆಚ್ಚಿನವರ ಗಮನಕ್ಕೆ ಬಾರದ್ದು ಇನ್ನೊಂದಿದೆ. ಮಕ್ಕಳನ್ನು ಎಣಿಸುವ ಕ್ರಮವೇ ಎರಡು ಕಡೆ ಬೇರೆ ಬೇರೆ.

ಜನ ಹೇಳುವುದು ಎರಡು ಮಾತು. "ಕೇರಳದ ಶಾಲೆ ಬಿಡಿ, ನೂರಕ್ಕೆ ನೂರು ಪಾಸ್" ಎನ್ನುವುದು ಒಂದು. "ಅಲ್ಲಿ ಕನ್ನಡ ಕ್ಲಾಸಿನಲ್ಲಿ ಹತ್ತು ಮಕ್ಕಳೂ ಇಲ್ಲ" ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಇವೆರಡನ್ನು ನಂಬಿಕೊಂಡು ಮಗುವಿನ ಶಾಲೆ ಆರಿಸುವ ಹಾಗಿಲ್ಲ.

ಕಾನೂನು ಒಂದೇ, ಎಣಿಕೆ ಬೇರೆ

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದು ಎರಡು ರಾಜ್ಯಕ್ಕೂ ಅನ್ವಯಿಸುತ್ತದೆ. ಒಂದರಿಂದ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ, ಆರರಿಂದ ಎಂಟರವರೆಗೆ 35ಕ್ಕೆ ಒಬ್ಬ ಎಂಬುದು ಅದರ ಲೆಕ್ಕ. ಕಿರಿಯ ತರಗತಿಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹೇಳಿದ್ದಾರೆ. ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, ಹೀಗೆ. ಇಲ್ಲಿ ಎಣಿಸುವುದು ಇಡೀ ಶಾಲೆಯ ಮಕ್ಕಳನ್ನು. ಕರ್ನಾಟಕದ ಸರಕಾರಿ ಪ್ರಾಥಮಿಕ ಶಾಲೆಗಳ ಹುದ್ದೆ ಲೆಕ್ಕ ಮುಖ್ಯವಾಗಿ ಇದೇ ದಾರಿಯಲ್ಲಿ ಹೋಗುತ್ತದೆ.

ಕೇರಳದ್ದು ಹಳೆಯ ಬೇರೊಂದು ಪದ್ಧತಿ. 1958ರ ಕೇರಳ ಶಿಕ್ಷಣ ಕಾಯ್ದೆ, ಅದರ ಬೆನ್ನಿಗೆ ಬಂದ 1959ರ ಕೇರಳ ಶಿಕ್ಷಣ ನಿಯಮಗಳು ತರಗತಿಯನ್ನೇ ಲೆಕ್ಕದ ಘಟಕವಾಗಿ ಹಿಡಿಯುತ್ತವೆ. ಅಂದರೆ ಒಂದನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಅವರನ್ನು ಕೂರಿಸಲು ಎಷ್ಟು ಡಿವಿಷನ್ (ವಿಭಾಗ). ಎರಡನೇ ಕ್ಲಾಸಿನಲ್ಲಿ ಎಷ್ಟು, ಹೀಗೆ. ಶಿಕ್ಷಣ ಹಕ್ಕು ಬಂದ ಮೇಲೆ ಐದನೇವರೆಗೆ 30, ಎಂಟನೇವರೆಗೆ 35 ಎಂಬ ಸಂಖ್ಯೆಯನ್ನು ಕೇರಳವೂ ಒಪ್ಪಿತು. ಒಂಬತ್ತು, ಹತ್ತಕ್ಕೆ 45. ಆದರೆ ಎಣಿಸುವುದು ಈಗಲೂ ಕ್ಲಾಸಿನ ಪ್ರಕಾರವೇ.

ಇದರ ಪರಿಣಾಮ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ ನೋಡೋಣ. 58 ಮಕ್ಕಳ ಒಂದು ಸಣ್ಣ ಶಾಲೆ ಅಂದುಕೊಳ್ಳಿ. ಅದು ಕರ್ನಾಟಕದಲ್ಲಿ ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆಯಾದರೆ, ಕಾನೂನಿನ ಕನಿಷ್ಠ ಲೆಕ್ಕದಲ್ಲಿ ಇಬ್ಬರು ಶಿಕ್ಷಕರು ಸಾಕು. ಐದು ಕ್ಲಾಸು, ಇಬ್ಬರು. ಅನುಪಾತ 29, ಅಂದರೆ ಒಬ್ಬ ಶಿಕ್ಷಕರಿಗೆ 29 ಮಕ್ಕಳು, ಕಾನೂನಿನ ಒಳಗೇ ಇದೆ. ಅದೇ 58 ಮಕ್ಕಳು ಕೇರಳದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿದ್ದರೆ ಒಂದರಿಂದ ನಾಲ್ಕರವರೆಗೆ ನಾಲ್ಕು ಕ್ಲಾಸು, ಕ್ಲಾಸಿಗೊಬ್ಬರಂತೆ ನಾಲ್ವರು. ಜೊತೆಗೆ ಅರಬಿಕ್ ಕಲಿಯುವ ಮಕ್ಕಳಿದ್ದರೆ ಅರಬಿಕ್ ಟೀಚರ್ ಬೇರೆ. ಅನುಪಾತ 15ರ ಒಳಗೆ.

ಎರಡೂ ಕಾನೂನಿಗೆ ಸರಿಯಾದ ಶಾಲೆಗಳೇ. ಹಾಗಾಗಿ ಕಾಸರಗೋಡು ಜಿಲ್ಲೆಯ ಅನುಪಾತ ದಕ್ಷಿಣ ಕನ್ನಡಕ್ಕಿಂತ ಚೆನ್ನಾಗಿ ಕಂಡರೆ ಅದರಲ್ಲಿ ಒಂದು ಪಾಲು ಈ ಎಣಿಕೆಯ ಕೊಡುಗೆ. ಅದಕ್ಕಾಗಿ ಕೇರಳ ಸರಕಾರ ಸಂಬಳಕ್ಕೆ ದುಡ್ಡು ಸುರಿಯುತ್ತಿದೆ, ಅದು ಸುಳ್ಳಲ್ಲ. ಆದರೆ ಅದೇ 58 ಮಕ್ಕಳ ಶಾಲೆಗೆ ಕೇರಳದಲ್ಲಿ ಇನ್ನೊಂದು ಹೆಸರೂ ಅಂಟಿಕೊಳ್ಳುತ್ತದೆ: ಅನ್‌ಇಕನಾಮಿಕ್, ಅಂದರೆ ಮಕ್ಕಳು ಸಾಲದ ಶಾಲೆ. ಕ್ಲಾಸಿಗೆ ಸರಾಸರಿ 15 ಮಕ್ಕಳಿಲ್ಲದಿದ್ದರೆ ಈ ಪಟ್ಟಿಗೆ ಸೇರಿದ ಹಾಗೆ. ಅಂಥ ಅನುದಾನಿತ ಶಾಲೆಯಲ್ಲಿ ಒಬ್ಬರು ನಿವೃತ್ತರಾದರೆ ಆ ಜಾಗಕ್ಕೆ ಬರುವುದು ದಿನವೇತನದವರು. ನಾಲ್ವರಲ್ಲಿ ಎಷ್ಟು ಮಂದಿ ಖಾಯಂ ಅಂತ ಅನುಪಾತ ಹೇಳುವುದಿಲ್ಲ.

ಆರನೇ ದಿನ

ಕಾಸರಗೋಡಿನ ಯಾವ ಅಧ್ಯಾಪಕರ ಮನೆಯಲ್ಲಾದರೂ ಕೇಳಿ, ಜೂನ್ ತಿಂಗಳ ಮೊದಲ ವಾರ ಸರಿಯಾಗಿ ನಿದ್ದೆ ಮಾಡಿದವರು ಕಡಿಮೆ. ಶಾಲೆ ತೆರೆದ ಆರನೇ ಕೆಲಸದ ದಿನ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದೆಯೋ ಅದರ ಮೇಲೆ ಆ ವರ್ಷದ ಡಿವಿಷನ್, ಡಿವಿಷನ್ ಮೇಲೆ ಹುದ್ದೆ. ಮಗುವಿನ ಆಧಾರ್ ಸಂಖ್ಯೆ ಸರಿಹೊಂದದಿದ್ದರೆ ಆ ಹೆಸರು ಲೆಕ್ಕಕ್ಕೆ ಸಿಗದೇ ಹೋಗಬಹುದು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿದೆ ಅಂತ ಆಧಾರ್ ತಿದ್ದುವ ಅಕ್ಷಯ ಸೇವಾ ಕೇಂದ್ರಕ್ಕೆ ಓಡುವ ಅಪ್ಪ-ಅಮ್ಮ, ಅವರ ಹಿಂದೆ ಫೋನ್ ಹಿಡಿದು ಕೂತ ಕ್ಲಾಸ್ ಟೀಚರ್. ಆ ಒಂದು ವಾರ ಇದೇ ಕೆಲಸ.

ಇಷ್ಟು ಗಡಿಬಿಡಿ ಯಾಕೆ? ಒಂದನೇ ಕ್ಲಾಸಿನಲ್ಲಿ 31 ಮಕ್ಕಳಿದ್ದರೆ ಎರಡು ಡಿವಿಷನ್. ಒಂದರಲ್ಲಿ 16, ಇನ್ನೊಂದರಲ್ಲಿ 15. ಆರನೇ ದಿನಕ್ಕೆ ಒಂದು ಮಗು ಟಿ.ಸಿ. ತೆಗೆದುಕೊಂಡು ಹೋಗಿ 30 ಆಯಿತೋ, ಒಂದೇ ಡಿವಿಷನ್. 30 ಮಕ್ಕಳೂ ಒಂದೇ ಕೋಣೆಗೆ. ಒಂದು ಹುದ್ದೆ ಹೋಯಿತು. 60 ಇದ್ದದ್ದು 61 ಆದರೆ ಇದರ ಉಲ್ಟಾ. 30ರ ಎರಡು ಕ್ಲಾಸು ಇದ್ದದ್ದು 20-21ರ ಮೂರು ಕ್ಲಾಸಾಗುತ್ತದೆ. ಒಂದೇ ಶಾಲೆ, ಆದರೆ ಕ್ಲಾಸಿನ ಗಾತ್ರ ಒಂದು ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗ ಇಳಿದಿರುತ್ತದೆ. "ಕಳೆದ ವರ್ಷ ಅಣ್ಣನ ಕ್ಲಾಸಿನಲ್ಲಿ ಇಪ್ಪತ್ತೇ ಮಕ್ಕಳಿದ್ದರು" ಎಂಬ ಧೈರ್ಯದ ಮೇಲೆ ತಂಗಿಯನ್ನು ಸೇರಿಸುವ ಹಾಗಿಲ್ಲ, ಅಷ್ಟೆ.

ಏಪ್ರಿಲ್-ಮೇ ತಿಂಗಳಲ್ಲಿ ಅನುದಾನಿತ ಶಾಲೆಯ ಮಾಸ್ಟ್ರು, ಟೀಚರ್‌ಗಳು ಮನೆಮನೆಗೆ ಬಂದು "ನಮ್ಮಲ್ಲಿಗೇ ಹಾಕಿ" ಅನ್ನುವುದರ ಹಿಂದೆ ಇದೇ ಲೆಕ್ಕ ಇದೆ. ಕೆಲವರು ಬ್ಯಾಗ್ ಕೊಡುತ್ತಾರೆ, ಆಟೋ ಬಾಡಿಗೆ ನಾವೇ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಇದನ್ನು ಕಂಡು ಮೂಗು ಮುರಿಯುವವರು ಇದ್ದಾರೆ. ನನಗೇನೋ ಅದರಲ್ಲಿ ತಪ್ಪು ಕಾಣುವುದಿಲ್ಲ. ಹುದ್ದೆ ಉಳಿಸಿಕೊಳ್ಳಬೇಕಾದವರು ಮಕ್ಕಳನ್ನು ಕರೆಯಲೇಬೇಕು. ಮನೆ ಬಾಗಿಲಿಗೆ ಬಂದಾಗ ಬ್ಯಾಗಿನ ಬಣ್ಣದ ಬದಲು ಡಿವಿಷನ್ ಬಗ್ಗೆ ಕೇಳಿದರೆ ನಿಮಗೇ ಲಾಭ.

ಸರಾಸರಿಯ ಕೋಣೆ ಎಲ್ಲೂ ಇಲ್ಲ

ಅನುಪಾತ ಬೇರೆ, ಕ್ಲಾಸಿನ ಗಾತ್ರ ಬೇರೆ. ಇವೆರಡನ್ನು ಒಂದೇ ಅಂದುಕೊಳ್ಳುವುದು ಎಲ್ಲ ಹೋಲಿಕೆಗಳಲ್ಲೂ ಆಗುವ ಗೊಂದಲ. ಅನುಪಾತ ಅಂದರೆ ಶಾಲೆಯ ಒಟ್ಟು ಮಕ್ಕಳನ್ನು ಒಟ್ಟು ಶಿಕ್ಷಕರಿಂದ ಭಾಗಿಸಿದ್ದು. ಅದರಲ್ಲಿ ಹಿಂದಿ, ಸಂಸ್ಕೃತ, ಅರಬಿಕ್ ಟೀಚರ್ ಎಲ್ಲರೂ ಬರುತ್ತಾರೆ. ಕ್ಲಾಸಿನ ಗಾತ್ರ ಅಂದರೆ ನಿಮ್ಮ ಮಗು ಕೂರುವ ಕೋಣೆಯಲ್ಲಿ ಗಣಿತದ ಪಿರಿಯಡ್ಡಿಗೆ ಎಷ್ಟು ತಲೆ ಇದೆ ಎಂಬುದು. ಕಾಸರಗೋಡಿನಲ್ಲಿ ಈ ಅಂತರ ಇನ್ನೂ ಜಾಸ್ತಿ. ಯಾಕೆಂದರೆ ಒಂದೇ ಶಾಲೆಯಲ್ಲಿ ಕನ್ನಡ ಮತ್ತು ಮಲಯಾಳ ಮಾಧ್ಯಮ ಪಕ್ಕಪಕ್ಕದಲ್ಲಿ ನಡೆಯುತ್ತವೆ.

ಒಂದು ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯ ಐದನೇ ಕ್ಲಾಸು ತೆಗೆದುಕೊಳ್ಳಿ. ಮಲಯಾಳ ಮಾಧ್ಯಮದಲ್ಲಿ 58 ಮಕ್ಕಳು, 29ರ ಎರಡು ಡಿವಿಷನ್. ಕನ್ನಡದಲ್ಲಿ 11 ಮಕ್ಕಳು, ಒಂದು ಡಿವಿಷನ್. ಒಟ್ಟು 69 ಮಕ್ಕಳು, ಮೂರು ಡಿವಿಷನ್, ಸರಾಸರಿ 23. ಆ ಶಾಲೆಯಲ್ಲಿ 23 ಮಕ್ಕಳು ಕೂರುವ ಕೋಣೆ ಒಂದೂ ಇಲ್ಲ. ಮಲಯಾಳದಲ್ಲಿ ಓದುವ ಮಗುವಿಗೆ ಅದು ತುಂಬಿದ ಶಾಲೆ. ಕನ್ನಡದಲ್ಲಿ ಓದುವ ಮಗುವಿಗೆ ಅರ್ಧ ಖಾಲಿ ಕೋಣೆ. ಜಿಲ್ಲೆಯ ಸರಾಸರಿ ಇಬ್ಬರ ಅನುಭವವನ್ನೂ ಹೇಳುವುದಿಲ್ಲ.

ಆಚೆ ಕರ್ನಾಟಕದ ಕಡೆ ಗೊಂದಲದ ಸ್ವರೂಪವೇ ಬೇರೆ. ಒಂದರಿಂದ ಏಳರವರೆಗಿನ ಹಿರಿಯ ಪ್ರಾಥಮಿಕ ಶಾಲೆ, 84 ಮಕ್ಕಳು, ನಾಲ್ವರು ಶಿಕ್ಷಕರು ಅಂದುಕೊಳ್ಳಿ. ಅನುಪಾತ 21. ಕೇಳಲು ಚೆನ್ನಾಗಿದೆ. ಆದರೆ ಏಳು ಕ್ಲಾಸಿಗೆ ನಾಲ್ವರು. ಒಂದು, ಎರಡು, ಮೂರನೇ ತರಗತಿಯ 36 ಮಕ್ಕಳು ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೆ. ನಾಲ್ಕು-ಐದು ಸೇರಿ 24. ಆರರಲ್ಲಿ 12, ಏಳರಲ್ಲಿ 12. ಒಬ್ಬ ಶಿಕ್ಷಕರು ಬಿ.ಆರ್.ಸಿ. (ಸಂಪನ್ಮೂಲ ಕೇಂದ್ರ) ತರಬೇತಿಗೆ ಹೋದ ದಿನ ಆರು-ಏಳೂ ಒಟ್ಟಾಗುತ್ತವೆ.

ಇಲ್ಲಿ ನಲಿ-ಕಲಿಯ ಬಗ್ಗೆ ಒಂದು ಮಾತು. ಮೂರು ತರಗತಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸುವುದನ್ನು ಕಂಡು ಕಾಸರಗೋಡಿನಿಂದ ಹೋದವರು ಬೆಚ್ಚಿ ಬೀಳುತ್ತಾರೆ. ಟೀಚರ್ ಇಲ್ಲದೆ ಮಾಡಿದ ಅಡ್ಜಸ್ಟ್‌ಮೆಂಟ್ ಅಂದುಕೊಳ್ಳುತ್ತಾರೆ. ಹಾಗಲ್ಲ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ ಬೇರೆ ಬೇರೆ ಮಟ್ಟದ ಮಕ್ಕಳು ಒಟ್ಟಿಗೆ ಕಲಿಯುವುದಕ್ಕೆಂದೇ ಮಾಡಿದ್ದು. ಮಕ್ಕಳು ನೆಲದಲ್ಲಿ 'ತಟ್ಟೆ'ಗಳ ಸುತ್ತ ಕೂರುತ್ತಾರೆ. ಒಂದು ತಟ್ಟೆಯಲ್ಲಿ ಟೀಚರ್ ಹೇಳಿಕೊಟ್ಟಂತೆ ಕಲಿಯುವುದು, ಇನ್ನೊಂದರಲ್ಲಿ ಗೆಳೆಯರ ಸಹಾಯದಿಂದ, ಮತ್ತೊಂದರಲ್ಲಿ ತಾನೇ ಸ್ವಂತ. ಕಾರ್ಡು ಮುಗಿಸಿದ ಮಗು ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. 20 ಮಕ್ಕಳಿದ್ದು, ತರಬೇತಿ ಪಡೆದ ಟೀಚರ್ ಇದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. 36 ಆದರೆ ಟೀಚರ್ ಒಂದು ತಟ್ಟೆಯಿಂದ ಏಳುವಷ್ಟರಲ್ಲಿ ಉಳಿದ ತಟ್ಟೆಗಳಲ್ಲಿ ಕಾರ್ಡು ಹಾರುತ್ತಿರುತ್ತವೆ. ನಾಲ್ಕು-ಐದನೇ ತರಗತಿ ಒಟ್ಟಾಗುವುದು ಮಾತ್ರ ಬಹುಪಾಲು ನಿಜವಾಗಿಯೂ ಟೀಚರ್ ಸಾಲದ್ದಕ್ಕೇ.

ಸಣ್ಣ ಕ್ಲಾಸು ಎಂದರೆ ಒಳ್ಳೆಯ ಕ್ಲಾಸಾ?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಿಂದ 1989ರವರೆಗೆ ನಡೆದ ಸ್ಟಾರ್ ಪ್ರಯೋಗ. 79 ಶಾಲೆಗಳಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಕೆಲವರಿಗೆ 13ರಿಂದ 17 ಮಕ್ಕಳ ಕ್ಲಾಸು, ಕೆಲವರಿಗೆ 22ರಿಂದ 25ರದ್ದು, ಇನ್ನು ಕೆಲವರಿಗೆ ದೊಡ್ಡ ಕ್ಲಾಸಿನ ಜೊತೆಗೆ ಒಬ್ಬ ಸಹಾಯಕಿ. ಮೂರನೇ ತರಗತಿವರೆಗೆ ಸಣ್ಣ ಕ್ಲಾಸಿನ ಮಕ್ಕಳು ಓದು, ಗಣಿತ ಎರಡರಲ್ಲೂ ಸ್ಪಷ್ಟವಾಗಿ ಮುಂದಿದ್ದರು. ಸಹಾಯಕಿ ಇಟ್ಟ ದೊಡ್ಡ ಕ್ಲಾಸಿಗೆ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಎರಡು ವಿಷಯ ಗಮನಿಸಿ. ಲಾಭ ಕಂಡದ್ದು ಚಿಕ್ಕ ಮಕ್ಕಳಲ್ಲಿ. ಮತ್ತೆ ಅಲ್ಲಿ ಒಂದೊಂದು ಕ್ಲಾಸಿಗೂ ಅದರದ್ದೇ ಟೀಚರ್ ಇದ್ದರು, ಒಂದು ಕ್ಲಾಸಿನಲ್ಲಿ ಒಂದೇ ತರಗತಿಯ ಮಕ್ಕಳಿದ್ದರು. ನಮ್ಮ ಗಡಿಯ 12 ಮಕ್ಕಳ ಕ್ಲಾಸಿಗೆ ಅದನ್ನು ಹಾಗೇ ಅನ್ವಯಿಸಲು ಆಗುವುದಿಲ್ಲ.

ಕಾಸರಗೋಡಿನ ಕನ್ನಡ ಡಿವಿಷನ್ ಸಣ್ಣದಾಗಿರುವುದು ಯಾರೋ ಯೋಜನೆ ಹಾಕಿ ಮಾಡಿದ್ದಲ್ಲ. ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು, ಕೆಲವರು ಗಡಿ ದಾಟಿದರು, ಉಳಿದದ್ದು ಇಷ್ಟು. ಒಂದನೇ ಕ್ಲಾಸಿನಲ್ಲಿ ಇಂಥ ಡಿವಿಷನ್ ಸಿಕ್ಕಿದರೆ, ಟೀಚರ್ ಒಳ್ಳೆಯವರಾಗಿದ್ದರೆ, ಮಗುವಿಗೆ ಅದೃಷ್ಟ. ಪ್ರತಿ ಮಗುವಿನ ಕಾಪಿ ಪುಸ್ತಕ ದಿನಾ ನೋಡಲು ಸಮಯ ಇರುತ್ತದೆ. ಆದರೆ ಯು.ಪಿ.ಗೆ ಬಂದಾಗ ಸಣ್ಣತನದ ಇನ್ನೊಂದು ಮುಖ ಕಾಣುತ್ತದೆ. ಕಬಡ್ಡಿಗೆ ತಂಡ ಆಗುವುದಿಲ್ಲ. ಕಲೋತ್ಸವಕ್ಕೆ ಎಲ್ಲದಕ್ಕೂ ಅವರೇ ನಾಲ್ಕು ಮಕ್ಕಳು. ಮುಂದಿನ ವರ್ಷ ಡಿವಿಷನ್ ಇರುತ್ತದೋ ಇಲ್ಲವೋ ಎಂಬ ಅಳುಕು ಟೀಚರಿಗೂ ಇರುತ್ತದೆ, ಮನೆಯವರಿಗೂ ಇರುತ್ತದೆ. ನನ್ನ ಲೆಕ್ಕದಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ ಎಂಬುದಕ್ಕಿಂತ ಕೆಳಗಿನ ಎರಡು ಕ್ಲಾಸುಗಳಲ್ಲಿ ಎಷ್ಟಿದ್ದಾರೆ ಎಂಬುದು ದೊಡ್ಡ ಪ್ರಶ್ನೆ. ಐದರಲ್ಲಿ 11, ನಾಲ್ಕರಲ್ಲಿ 12, ಮೂರರಲ್ಲಿ 10 ಇದ್ದರೆ ಆ ಡಿವಿಷನ್ ನಡೆದುಕೊಂಡು ಹೋಗುತ್ತದೆ. 11, 6, 3 ಇದ್ದರೆ ಈಗಲೇ ಯೋಚನೆ ಮಾಡಿ.

ಕಲಿಸುವವರು ಯಾರು, ಯಾವ ಭಾಷೆಯಲ್ಲಿ

ಮಕ್ಕಳ ಸಂಖ್ಯೆಗಿಂತ ಈ ಪ್ರಶ್ನೆ ಹೆಚ್ಚು ಮುಖ್ಯ ಅಂತ ನನಗನ್ನಿಸುತ್ತದೆ. ಕೇರಳದಲ್ಲಿ ಸರಕಾರಿ ಶಾಲೆಯ ಕನ್ನಡ ಮಾಧ್ಯಮ ಹುದ್ದೆಗಳನ್ನು ಪಿ.ಎಸ್.ಸಿ. (ಲೋಕಸೇವಾ ಆಯೋಗ) ಪ್ರತ್ಯೇಕವಾಗಿ ಕರೆಯುತ್ತದೆ. ಅನುದಾನಿತ ಶಾಲೆಯಲ್ಲಿ ಮ್ಯಾನೇಜರ್ ನೇಮಕ ಮಾಡುತ್ತಾರೆ, ಸಂಬಳ ಸರಕಾರ ಕೊಡುತ್ತದೆ. ಕಾಗದದಲ್ಲಿ ಎಲ್ಲ ಸರಿ. ಆದರೆ ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಸರಿಯಾಗಿ ಬಾರದವರು ಬಂದು, ಮಕ್ಕಳು ಕ್ಲಾಸು ಬಿಟ್ಟು ಹೊರಗೆ ಕೂತದ್ದು, ಪೋಷಕರು ಹೈಕೋರ್ಟಿಗೆ ಹೋದದ್ದು ಇಲ್ಲಿ ಹೊಸ ಸುದ್ದಿಯೇನಲ್ಲ. ಹೈಸ್ಕೂಲಿನ ಗಣಿತ, ಸಮಾಜ ವಿಜ್ಞಾನಕ್ಕೆ ಇದು ಹೆಚ್ಚು. ಹನ್ನೊಂದು ಮಕ್ಕಳಿದ್ದರೇನು, ಟೀಚರ್ ಹೇಳಿದ್ದು ಅರ್ಥವಾಗದಿದ್ದರೆ ಆ ಕ್ಲಾಸು ಸಣ್ಣದಿದ್ದೂ ಉಪಯೋಗ ಇಲ್ಲ ಅಲ್ವಾ?

ದಕ್ಷಿಣ ಕನ್ನಡದಲ್ಲಿ ಭಾಷೆಯ ಈ ಸಮಸ್ಯೆ ಇಲ್ಲ. ಅಲ್ಲಿನ ತಲೆನೋವು ಖಾಲಿ ಹುದ್ದೆ. ಖಾಯಂ ಶಿಕ್ಷಕರ ಜಾಗದಲ್ಲಿ ಅತಿಥಿ ಶಿಕ್ಷಕರು ಬರುತ್ತಾರೆ. ಅವರಿಗೆ ಸಿಗುವುದು ಗೌರವಧನ. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ವರ್ಷಗಟ್ಟಲೆ ತುಂಬದೆ ಆಡಳಿತ ಮಂಡಳಿಯೇ ಕೈಯಿಂದ ದುಡ್ಡು ಹಾಕಿ ಶಿಕ್ಷಕರನ್ನು ಇಟ್ಟುಕೊಳ್ಳುವುದೂ ಉಂಟು. ಪಾಪ, ಎಷ್ಟೋ ಅತಿಥಿ ಶಿಕ್ಷಕಿಯರು ಖಾಯಂನವರಿಗಿಂತ ಮುತುವರ್ಜಿಯಿಂದ ಕಲಿಸುತ್ತಾರೆ. ಆದರೆ ಬೇರೆ ಕಡೆ ಒಳ್ಳೆಯ ಸಂಬಳ ಸಿಕ್ಕಿದರೆ ನಡುವರ್ಷದಲ್ಲಿ ಹೋಗುವುದನ್ನು ತಡೆಯಲು ಆಗುವುದಿಲ್ಲ.

ಹೈಸ್ಕೂಲಿನಲ್ಲಿ ಇನ್ನೊಂದು ವ್ಯತ್ಯಾಸ. ಕರ್ನಾಟಕದ ಪ್ರೌಢಶಾಲೆಯಲ್ಲಿ ಪಿ.ಸಿ.ಎಂ. ಶಿಕ್ಷಕರೆಂದರೆ ಗಣಿತ ಮತ್ತು ಭೌತ-ರಸಾಯನ ವಿಜ್ಞಾನ ಎರಡೂ ಅವರದ್ದೇ. ಕೇರಳದಲ್ಲಿ ಗಣಿತಕ್ಕೆ ಒಬ್ಬರು, ಭೌತ-ರಸಾಯನಕ್ಕೆ ಒಬ್ಬರು, ಜೀವಶಾಸ್ತ್ರಕ್ಕೆ ಒಬ್ಬರು. ಹತ್ತನೇ ಪರೀಕ್ಷೆಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇರೆ ಬೇರೆ ಪೇಪರ್. ಐ.ಟಿ. ಕೂಡ ಪರೀಕ್ಷೆಯ ವಿಷಯ. ಹಾಗಾಗಿ ಆಚೆ ಕರ್ನಾಟಕದಲ್ಲಿ ಒಂದು ಹುದ್ದೆ ಖಾಲಿ ಬಿದ್ದರೆ ಎರಡು ವಿಷಯಕ್ಕೆ ಪೆಟ್ಟು. ಕಂಪ್ಯೂಟರ್, ಪ್ರೊಜೆಕ್ಟರ್ ವಿಷಯದಲ್ಲಿ ಕೇರಳದ ಕೈ ಮೇಲು ಎಂಬುದರಲ್ಲಿ ಸಂಶಯ ಬೇಡ. ಕೇರಳ ಸರಕಾರದ ಕೈಟ್ ಸಂಸ್ಥೆಯ ಮೂಲಕ ಎಂಟರಿಂದ ಹನ್ನೆರಡರವರೆಗಿನ 45,000 ಕ್ಲಾಸ್‌ರೂಮುಗಳನ್ನು ಹೈಟೆಕ್ ಮಾಡಿದ್ದಾರೆ. ಊಟ, ಹಾಲು, ಮೊಟ್ಟೆ, ಯೂನಿಫಾರ್ಮ್ ಎರಡು ಕಡೆಯೂ ಇದೆ. ಅದನ್ನು ಇಟ್ಟುಕೊಂಡು ಶಾಲೆ ಆರಿಸುವ ಅಗತ್ಯ ಇಲ್ಲ.

99 ದೊಡ್ಡದಾ, 73 ದೊಡ್ಡದಾ?

2024ರ ಎಸ್ಸೆಸ್ಸೆಲ್ಸಿ ಫಲಿತಾಂಶ: ಕೇರಳ ಶೇ. 99.69, ಕರ್ನಾಟಕ ಶೇ. 73.40. ಇಷ್ಟು ನೋಡಿದರೆ ಮಾತೇ ಮುಗಿಯಿತು ಅನ್ನಿಸುತ್ತದೆ. ಆದರೆ ಅದೇ ವರ್ಷ ದಕ್ಷಿಣ ಕನ್ನಡದ್ದು ಶೇ. 92.12. ಅಂದರೆ ರಾಜ್ಯದ ಸಂಖ್ಯೆ ಮಂಗಳೂರಿನ ಪಕ್ಕದ ಶಾಲೆಯ ಬಗ್ಗೆ ಏನೂ ಹೇಳುವುದಿಲ್ಲ. ಇನ್ನೊಂದು ಸಂಗತಿ ನೋಡಿ. ಕರ್ನಾಟಕದ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. ಒಂದು ವರ್ಷದಲ್ಲಿ ಹತ್ತು ಅಂಶ ಬಿದ್ದದ್ದು ಮಕ್ಕಳು ದಡ್ಡರಾದರು ಅಂತ ಅಲ್ಲ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಅದರ ಮೇಲೆ ಕೃಪಾಂಕವನ್ನೂ ಹೆಚ್ಚಿಸಿ ಕೊಟ್ಟು ಬಂದ ಸಂಖ್ಯೆ ಇದು.

ಕೇರಳದಲ್ಲಿ ಅಂಕದ ಬದಲು ಗ್ರೇಡ್. 100 ಅಂಕದ ವಿಷಯದಲ್ಲಿ 80 ಬರವಣಿಗೆಗೆ, 20 ಶಾಲೆಯೇ ಕೊಡುವ ನಿರಂತರ ಮೌಲ್ಯಮಾಪನಕ್ಕೆ. ಮುಂದೆ ಓದಲು ಡಿ ಪ್ಲಸ್, ಅಂದರೆ ಒಟ್ಟು ಶೇ. 30 ಸಾಕು. ಶಾಲೆಯ 20 ಪೂರ್ತಿ ಸಿಕ್ಕಿದವರಿಗೆ ಬರವಣಿಗೆಯಲ್ಲಿ 10 ಬಂದರೂ ದಡ ಸೇರುವ ದಾರಿ ಇತ್ತು. ಇದು ಸರಿಯಲ್ಲ ಅಂತ ಸರಕಾರಕ್ಕೇ ಅನ್ನಿಸಿ, 2024-25ರಲ್ಲಿ ಎಂಟನೇ ತರಗತಿಯಿಂದ ಶುರು ಮಾಡಿ ಬರವಣಿಗೆಯಲ್ಲೇ ಶೇ. 30 ಬೇಕು ಎಂಬ ನಿಯಮವನ್ನು ಹಂತ ಹಂತವಾಗಿ ತರಲು ಹೊರಟಿತು. ಕರ್ನಾಟಕದಲ್ಲಿ ಲಿಖಿತ ಪರೀಕ್ಷೆಗೆ ಪ್ರತ್ಯೇಕ ಕನಿಷ್ಠ ಅಂಕ ಮೊದಲೇ ಇತ್ತು. ಬಲೆಯ ಕಣ್ಣು ಬೇರೆ ಬೇರೆ ಇರುವಾಗ ಯಾರ ಬಲೆಯಲ್ಲಿ ಮೀನು ಜಾಸ್ತಿ ಅಂತ ನೋಡಿ ಸಮುದ್ರದ ಲೆಕ್ಕ ಹೇಳಲಾಗದು. ಅದಕ್ಕಿಂತ ನೀವು ನೋಡುತ್ತಿರುವ ಕೇರಳದ ಶಾಲೆಯಲ್ಲಿ ಎಲ್ಲ ವಿಷಯಕ್ಕೂ ಎ ಪ್ಲಸ್ ಬಂದವರಲ್ಲಿ ಕನ್ನಡ ಮಾಧ್ಯಮದವರು ಎಷ್ಟು, ಮಂಗಳೂರು ಕಡೆಯ ಶಾಲೆಯಲ್ಲಿ ಗಣಿತದಲ್ಲಿ ಫೇಲಾದವರು ಎಷ್ಟು ಅಂತ ಕೇಳುವುದು ಉಪಯೋಗ.

ಯಾರ ಮಕ್ಕಳು ಆ ಶಾಲೆಗೆ ಬರುತ್ತಾರೆ ಎಂಬುದೂ ಫಲಿತಾಂಶದಲ್ಲಿ ಅಡಗಿರುತ್ತದೆ. ಕೇರಳದಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗೆ ಬ್ಯಾಂಕಿನವರ ಮಕ್ಕಳೂ ಬರುತ್ತಾರೆ, ಕೂಲಿಯವರ ಮಕ್ಕಳೂ ಬರುತ್ತಾರೆ. ಮಂಗಳೂರಿನ ಹೊರವಲಯದಲ್ಲಿ ಫೀಸು ಕಟ್ಟಲು ಸಾಧ್ಯವಿರುವವರು ಬಹುತೇಕ ಖಾಸಗಿ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಉಳಿದ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿನ ಸರಕಾರಿ ಶಾಲೆ ಶೇ. 85 ತಂದರೆ, ಅದು ಈಚೆಯ 99ಕ್ಕಿಂತ ಹೆಚ್ಚಿನ ಕೆಲಸ ಆಗಿರಬಹುದು.

ಮನೆಯಲ್ಲೇ ಕೂತು ನೋಡುವ ದಾರಿ

ಶಾಲೆಗೆ ಹೋಗುವ ಮೊದಲು ಫೋನಿನಲ್ಲಿ ಅರ್ಧ ಗಂಟೆ ಕೂತರೆ ಸಾಕಷ್ಟು ಗೊತ್ತಾಗುತ್ತದೆ. ದೇಶದ ಪ್ರತಿ ಶಾಲೆಗೂ 11 ಅಂಕೆಯ ಯುಡೈಸ್ ಸಂಖ್ಯೆ ಇದೆ. ಕರ್ನಾಟಕದ್ದು 29ರಿಂದ, ಕೇರಳದ್ದು 32ರಿಂದ ಶುರು. ಯುಡೈಸ್ ಪ್ಲಸ್ ತಾಣದಲ್ಲಿ ಶಾಲೆಯ ಹೆಸರು ಹುಡುಕಿದರೆ ತರಗತಿವಾರು ಮಕ್ಕಳು, ಶಿಕ್ಷಕರು, ಕೋಣೆಗಳ ಲೆಕ್ಕ ಸಿಗುತ್ತದೆ. ಕೇರಳದ ಶಾಲೆಗಳಿಗೆ ಸಮೇತಂ ಎಂಬ ತಾಣ ಬೇರೆ ಇದೆ, ಅದರಲ್ಲಿ ಡಿವಿಷನ್ ಲೆಕ್ಕವೂ ಇರುತ್ತದೆ. ಇವೆರಡರಲ್ಲೂ ಇರುವುದು ಸಾಮಾನ್ಯವಾಗಿ ಹಿಂದಿನ ವರ್ಷದ ಲೆಕ್ಕ ಎಂಬುದು ನೆನಪಿರಲಿ.

ಶಾಲೆಗೆ ಹೋದಾಗ "ಶಾಲೆ ಹೇಗಿದೆ" ಅಂತ ಸುಮ್ನೆ ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಇನ್ನೇನು ಬರಲಿಕ್ಕುಂಟು? ನಮ್ಮ ಮಗು ಕೂರುವ ಡಿವಿಷನ್ನಿನಲ್ಲಿ ಕಳೆದ ಆರನೇ ದಿನ ಎಷ್ಟು ಹೆಸರಿತ್ತು, ಹೆಡ್ಮಾಸ್ಟ್ರು ಕ್ಲಾಸು ತೆಗೆದುಕೊಳ್ಳುತ್ತಾರಾ, ಅವರು ಮೀಟಿಂಗಿಗೆ ಹೋದ ದಿನ ಆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಗಣಿತದ ಟೀಚರ್ ಖಾಯಂನವರಾ ಅಂತ ಕೇಳಿ. ಎಲ್.ಪಿ. ಶಾಲೆಯಲ್ಲಿ 150 ಮಕ್ಕಳು ದಾಟದಿದ್ದರೆ ಹೆಡ್ಮಾಸ್ಟ್ರು ಒಂದು ಕ್ಲಾಸಿನ ಟೀಚರೂ ಹೌದು. ಅವರ ಕ್ಲಾಸಿಗೆ ನಿಮ್ಮ ಮಗು ಬಿದ್ದರೆ ವರ್ಷದಲ್ಲಿ ಎಷ್ಟೋ ದಿನ ಪಕ್ಕದ ಕ್ಲಾಸಿನ ಜೊತೆ ಕೂರಬೇಕಾಗುತ್ತದೆ. ಸಾಧ್ಯವಾದರೆ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ಮಕ್ಕಳು ತಂತಮ್ಮಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಟೀಚರ್ ಯಾವ ಭಾಷೆಯಲ್ಲಿ ಗದರಿಸುತ್ತಾರೆ ಎಂಬುದು ಆಗ ಕೇಳಿಸುತ್ತದೆ.

ದಾಟುವುದಾದರೆ ಯಾವಾಗ?

ಕೇರಳದಲ್ಲಿ ಎಲ್.ಪಿ. ಮುಗಿಯುವುದು ನಾಲ್ಕಕ್ಕೆ, ಯು.ಪಿ. ಏಳಕ್ಕೆ. ಕರ್ನಾಟಕದಲ್ಲಿ ಕಿರಿಯ ಪ್ರಾಥಮಿಕ ಐದಕ್ಕೆ, ಹೈಸ್ಕೂಲು ಶುರುವಾಗುವುದು ಎಂಟಕ್ಕೆ. ಎರಡೂ ಕಡೆ ಒಟ್ಟಿಗೆ ಬಾಗಿಲು ತೆರೆಯುವುದು ಎಂಟನೇ ತರಗತಿಯಲ್ಲಿ. ಅದಕ್ಕೇ ಹೆಚ್ಚಿನವರು ಆಗ ದಾಟಿಸುತ್ತಾರೆ. ಒಂದನೇ ತರಗತಿಯಲ್ಲಿ ದಾಟಿಸುವವರು ವಯಸ್ಸು ನೋಡಿಕೊಳ್ಳಬೇಕು. ಕೇರಳದಲ್ಲಿ 2025ರವರೆಗೂ ಐದು ತುಂಬಿದವರನ್ನು ಸೇರಿಸಿಕೊಳ್ಳುತ್ತಿದ್ದರು, ಕರ್ನಾಟಕದ ನಿಯಮ ಆರು ವರ್ಷ. ಭಾಷೆಯ ಕಾನೂನು ಎರಡೂ ಕಡೆ ಉಂಟು. ಕರ್ನಾಟಕದ ಕನ್ನಡ ಕಲಿಕಾ ಕಾಯ್ದೆ 2015ರದ್ದು, ಕೇರಳದ ಮಲಯಾಳ ಕಲಿಕಾ ಕಾಯ್ದೆ 2017ರದ್ದು. ಮಲಯಾಳ ಮಾಧ್ಯಮದಲ್ಲಿ ಓದಿದ ಮಗು ನಡುವಿನಲ್ಲಿ ತೊಕ್ಕೊಟ್ಟಿಗೆ ಹೋದರೂ, ಕನ್ನಡ ಮಾತ್ರ ಗೊತ್ತಿರುವ ಮಗು ಈಚೆಗೆ ಬಂದರೂ ಮೊದಲ ವರ್ಷ ತಿಣುಕಾಡುವುದು ಇದ್ದದ್ದೇ.

ದಿನಾ ಗಡಿ ದಾಟುವುದರಲ್ಲಿ ಒಂದು ಅಪಾಯ ಇದೆ ಅಂತ 2020ರ ಮಾರ್ಚಿನವರೆಗೆ ಯಾರೂ ಯೋಚಿಸಿರಲಿಲ್ಲ. ಕೊರೊನಾ ಹೊತ್ತಿಗೆ ತಲಪಾಡಿ ಬಂದ್ ಆಯಿತು. ಈಚೆ ಮನೆ, ಆಚೆ ಶಾಲೆ ಇದ್ದ ಹತ್ತನೇ ಕ್ಲಾಸಿನ ಮಕ್ಕಳು ಜೂನಿನಲ್ಲಿ ವಿಶೇಷ ವ್ಯವಸ್ಥೆಯಲ್ಲಿ ಗಡಿಯಿಂದ ಬಸ್ ಹತ್ತಿ ಪರೀಕ್ಷೆ ಬರೆಯಬೇಕಾಯಿತು.

ಎಂಟನೇ ತರಗತಿಗೆ ದಾಟಿಸುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಕರ್ನಾಟಕದ ಸಿ.ಇ.ಟಿ. ಸೀಟು. ಅಲ್ಲೊಂದು ಲೆಕ್ಕ ತಪ್ಪುತ್ತದೆ. ಹೆಚ್ಚಿನವರು ಬಳಸುವ ಅರ್ಹತೆಗೆ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಎಂಟರಿಂದ ದ್ವಿತೀಯ ಪಿ.ಯು.ಸಿ.ವರೆಗೆ ಐದೇ ವರ್ಷ ಆಗುತ್ತದೆ. ಆ ದಾರಿ ಬೇಕಿದ್ದರೆ ಆರನೇ ತರಗತಿಗೇ ದಾಟಿಸಬೇಕು. ಆದರೆ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಿಗೆ ಗಡಿನಾಡು ಕನ್ನಡಿಗರ ಅರ್ಹತೆ ಬೇರೆಯೇ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರ ಏನೇನು ಅಂತ ಆ ವರ್ಷದ ಸಿ.ಇ.ಟಿ. ಕೈಪಿಡಿಯಲ್ಲಿ ಓದಿ ನೋಡಿ, ಟಿ.ಸಿ.ಗೆ ಅರ್ಜಿ ಕೊಡುವ ಮೊದಲೇ.